ಉಪ್ಪುಕಾಗದ ಮುಟ್ಟಿಸಬೇಡಿ

ಪ್ರಶ್ನೆ: ನಮ್ಮದು ಸಾಗರ ತಾಲೂಕಿನಲ್ಲಿ ಹಳೇ ಹೆಂಚಿನ ಮನೆ. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವಾಗ ಅಟ್ಟದಲ್ಲಿ ಅಜ್ಜನ ಟ್ರಂಕು ಸಿಕ್ಕಿತು. ಒಳಗೆ ಮೇಣಬಟ್ಟೆಯಲ್ಲಿ ಸುತ್ತಿಟ್ಟ ರಿವಾಲ್ವರ್ ಇದೆ. ಎಂಟು ಮೂಲೆಯ ನಳಿಗೆಯ ಮೇಲೆ ‘ಅಡ್ರೆಸ್ ಕೋಲ್. ಕೋಲ್ಟ್ ಲಂಡನ್’ ಎಂಬ ಇಂಗ್ಲಿಷ್ ಅಕ್ಷರಗಳು. ಅಲ್ಲಲ್ಲಿ ತುಕ್ಕು. ಸಿನಿಮಾದ ಕೌಬಾಯ್‌ಗಳ ಸೊಂಟದಲ್ಲಿರುವುದು ಇದೇ ಎಂದು ಅಣ್ಣ ಹೇಳುತ್ತಾನೆ. ಉಪ್ಪುಕಾಗದದಲ್ಲಿ ಉಜ್ಜಿ, ಕೊಬ್ಬರಿ ಎಣ್ಣೆ ಸವರಿ ಗಾಜಿನ ಕಪಾಟಿನಲ್ಲಿ ಇಡಬಹುದೇ? ಇಂಥವನ್ನೇ ಇನ್ನಷ್ಟು ಕೊಂಡು ಸಂಗ್ರಹಿಸುವ ಆಸೆಯೂ ಇದೆ.
– ಓದುಗ, ಸಾಗರ

ಉತ್ತರ: ಉಜ್ಜಬೇಡಿ. ಕೈಮುಗಿದು ಕೇಳಿಕೊಳ್ಳುತ್ತೇನೆ.

ಶಿವಮೊಗ್ಗದಲ್ಲಿ ನಾನು ಕೋವಿ ರಿಪೇರಿ ಕಲಿಯುತ್ತಿದ್ದ ಕಾಲ. ತೀರ್ಥಹಳ್ಳಿ ಕಡೆಯ ತೋಟದವರೊಬ್ಬರು ಇಂಥದೇ ಒಂದನ್ನು ತಂದುಕೊಟ್ಟಿದ್ದರು. ಗುರುಗಳು ಊಟಕ್ಕೆ ಹೋದಾಗ, ಬರುವಷ್ಟರಲ್ಲಿ ಫಳಫಳ ಹೊಳೆಯುವ ಹಾಗೆ ಮಾಡಿಡೋಣ ಎಂದು ಸಿಲಿಂಡರಿಗೆ ಉಪ್ಪುಕಾಗದ ಹಿಡಿದೆ. ಮೇಲೆ ಸಣ್ಣ ಸಣ್ಣ ಗೀರುಗಳಿದ್ದವು. ಯಾರೋ ಚಾಕುವಿನಿಂದ ಗೀಚಿದ್ದಿರಬೇಕು ಅಂದುಕೊಂಡೆ. ಗುರುಗಳು ಬಂದವರೇ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಮೂಲೆಯಲ್ಲಿ ಉಳಿದಿದ್ದ ಗೆರೆಗಳನ್ನು ಬೆರಳಿಟ್ಟು ತೋರಿಸಿದರು. ಒಂದು ಪಟಸ್ತಂಭ, ಅರ್ಧ ಹಾಯಿ. ಉಳಿದ ಹಡಗನ್ನೆಲ್ಲ ನಾನು ಒರೆಸಿಹಾಕಿದ್ದೆ. ಅವರು ಬೈಯಲಿಲ್ಲ. ನನಗೆ ಮಾತ್ರ ಅದು ಇವತ್ತಿಗೂ ಮರೆತಿಲ್ಲ.

ನಿಮ್ಮದು ಅಸಲಿಯಾಗಿದ್ದು, ಅದೇ ಮಾದರಿಯದಾದರೆ ಅದರ ಮೇಲೂ ಆ ಹಡಗುಗಳಿರಬೇಕು. 1843ರ ಮೇ 16ರಂದು, ಆಗ ಬೇರೆಯೇ ದೇಶವಾಗಿದ್ದ ಟೆಕ್ಸಸ್ಸಿನ ನೌಕಾಪಡೆ ಮೆಕ್ಸಿಕೋದ ಹಡಗುಗಳ ಜೊತೆ ಕಾದಾಡಿದ ದೃಶ್ಯ ಅದು. ನೋಟುಗಳಿಗೆ ಅಚ್ಚು ಕೆತ್ತುತ್ತಿದ್ದ ಆರ್ಮ್ಸ್‌ಬಿ ಎಂಬಾತ ಕೆತ್ತಿದ್ದು. ಅದಕ್ಕೇ ಆ ಮಾದರಿಗೆ 1851ರ ನೇವಿ, ಅಂದರೆ ನೌಕಾಪಡೆ, ಎಂಬ ಹೆಸರು ನಿಂತಿತು. ‘ಕೋಲ್.’ ಅಂದರೆ ಕರ್ನಲ್. ಇದನ್ನು ತಯಾರಿಸಿದ ಸ್ಯಾಮ್ಯುಯೆಲ್ ಕೋಲ್ಟ್ ಆತ. ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಕಾರ್ಖಾನೆ ಇದ್ದರೂ 1853ರಲ್ಲಿ ಲಂಡನ್ನಿನಲ್ಲೂ ಒಂದು ತೆರೆದು ಕೆಲವೇ ವರ್ಷ ನಡೆಸಿದ. ಅಲ್ಲಿಯವು ಬ್ರಿಟಿಷ್ ಅಧಿಕಾರಿಗಳ ಜೊತೆ ನಮ್ಮ ದೇಶಕ್ಕೂ ಬಂದವು. ಲಂಡನ್ನಿನವಕ್ಕೆ ಹಿಡಿಯ ಪಟ್ಟಿ ಹೆಚ್ಚಾಗಿ ಕಬ್ಬಿಣದ್ದು, ಹಾರ್ಟ್‌ಫರ್ಡಿನವಕ್ಕೆ ಹಿತ್ತಾಳೆಯದ್ದು. ನಳಿಗೆ, ಚೌಕಟ್ಟು, ಸಿಲಿಂಡರ್, ಹಿಡಿ ಎಲ್ಲದರ ಮೇಲೂ ಒಂದೇ ನಂಬರ್ ಇದ್ದರೆ ಬಿಡಿಭಾಗ ಬದಲಾಗಿಲ್ಲ ಎಂದು ನಂಬಬಹುದು. ಮೊಟ್ಟೆಯಾಕಾರದ ಗೆರೆಯೊಳಗೆ ಇ.ಎಲ್.ಜಿ. ಅಕ್ಷರ ಕಂಡರೆ ಅದು ಬೆಲ್ಜಿಯಮ್ಮಿನ ಲಿಯೇಜ್ ಊರಿನ ಮುದ್ರೆ. ಅಲ್ಲಿ ಕೋಲ್ಟಿನ ನಕಲುಗಳು ರಾಶಿ ರಾಶಿ ತಯಾರಾದವು.

ನಿಮ್ಮ ಅಣ್ಣ ಹೇಳಿದ್ದು ಅರ್ಧ ಸರಿ. ಅಮೆರಿಕದ ಹೆಸರಾಂತ ಗುರಿಕಾರ ವೈಲ್ಡ್ ಬಿಲ್ ಹಿಕಾಕ್ ಸೊಂಟಕ್ಕೆ ಸಿಕ್ಕಿಸುತ್ತಿದ್ದದ್ದು ಈ ನೇವಿಗಳನ್ನೇ. ಸಿನಿಮಾದಲ್ಲಿ ಹೆಚ್ಚಾಗಿ ಕಾಣುವುದು ಕೋಲ್ಟಿನದೇ 1873ರ ಸಿಂಗಲ್ ಆಕ್ಷನ್ ಆರ್ಮಿ ಎಂಬ ಮಾದರಿ. ಅದಕ್ಕೆ ಹಿಂದಿನಿಂದ ತೋಟಾ ತುಂಬುತ್ತಾರೆ. ನೇವಿ ಅಪ್ಪಟ ನಮ್ಮ ಮಲೆನಾಡಿನ ಕೇಪಿನ ಕೋವಿಯ ಜಾತಿ. ಮುಂದಿನಿಂದ ಮದ್ದು, ಸೀಸದ ಗುಂಡು ಹಾಕಿ ಜಡಿಯಬೇಕು, ಹಿಂದೆ ಕೇಪು, ಅಂದರೆ ಕಿಡಿ ಹಾರಿಸುವ ಪುಟ್ಟ ಟೋಪಿ, ಕೂರಿಸಬೇಕು. ಕೇಪಿನ ಕೋವಿಯಲ್ಲಿ ಒಂದೇ ಈಡು, ಇದರಲ್ಲಿ ಆರು. ಕುದುರೆ, ಅಂದರೆ ಕೇಪಿನ ಮೇಲೆ ಬಡಿಯುವ ಸುತ್ತಿಗೆ, ಎಳೆದರೆ ಸಿಲಿಂಡರ್ ತಾನೇ ತಿರುಗಿ ಮುಂದಿನ ಈಡು ನಳಿಗೆಗೆ ನೇರವಾಗಿ ನಿಲ್ಲುತ್ತದೆ. ಅದೇ ಕೋಲ್ಟಿನ ಜಾಣತನ. ಈ ತುದಿಯಿಂದ ಆ ತುದಿಗೆ ತೂತಿದ್ದು ಹಿಂದಿನಿಂದ ತುಂಬುವ ಸಿಲಿಂಡರಿನ ಪೇಟೆಂಟು 1869ರವರೆಗೂ ಸ್ಮಿತ್ ಅಂಡ್ ವೆಸನ್ ಎಂಬ ಇನ್ನೊಂದು ಕಂಪನಿಯವರ ಕೈಲಿತ್ತು. ಅಲ್ಲಿಯವರೆಗೆ ಕೋಲ್ಟಿನವರು ಕೇಪನ್ನೇ ನೆಚ್ಚಬೇಕಾಯಿತು.

ಈಗ ಅವಸರದ ಮಾತು. ಒಳಗೆ ಈಡು ಇರಬಹುದು. ಕಪ್ಪು ಮದ್ದು ಒಣಗಿದ್ದರೆ ನೂರು ವರ್ಷವಾದರೂ ಹೊತ್ತಿಕೊಳ್ಳುತ್ತದೆ. ಕುದುರೆ ಎಳೆಯಬೇಡಿ, ನಳಿಗೆಯನ್ನು ಹಿಡಿದಿಟ್ಟಿರುವ ಬೆಣೆ ಬಿಚ್ಚಬೇಡಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ. ಟ್ರಂಕಿನಲ್ಲಿ ಅಜ್ಜನ ಲೈಸೆನ್ಸ್ ಇದೆಯೇ ಹುಡುಕಿ. ಇರಲಿ ಬಿಡಲಿ, ಇಂದೇ ಠಾಣೆಗೆ ಫೋನ್ ಮಾಡಿ ತಿಳಿಸಿ. ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಬೇಡಿ. ಪೊಲೀಸರ ಆಯುಧ ನೋಡಿಕೊಳ್ಳುವ ಆರ್ಮರರ್ ನೋಡಲಿ. ಒಪ್ಪಿಸುವಾಗ ನಂಬರ್ ಬರೆಸಿ ರಸೀದಿ ತೆಗೆದುಕೊಳ್ಳಿ. ವಾರಸುದಾರರಾಗಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಬಹುದು. ಹಳೆ ಕಾಲದ್ದಾಗಿ, ರಿಪೇರಿ ಮಾಡಿದರೂ ಹಾರದ ಆಯುಧಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಆದರೆ ಹಾರುತ್ತದೋ ಇಲ್ಲವೋ ಎಂದು ನೀವೇ ತೀರ್ಮಾನಿಸುವ ಹಾಗಿಲ್ಲ. ಸಂಗ್ರಹದ ವಿಷಯ: 2019ರ ತಿದ್ದುಪಡಿಯಾದ ಮೇಲೆ ಸಾಮಾನ್ಯರಿಗೆ ಎರಡೇ ಕೋವಿ. ಸಾಲಾಗಿ ಜೋಡಿಸುವ ಆಸೆಯನ್ನು ಬಿಟ್ಟುಬಿಡಿ. ಇರುವ ಒಂದನ್ನು ಚೆನ್ನಾಗಿ ಇಟ್ಟುಕೊಂಡರೆ ಅದೇ ದೊಡ್ಡ ಸಂಗ್ರಹ ಎನ್ನುವವನು ನಾನು.

ಅದು ಕಾನೂನುಬದ್ಧವಾಗಿ ನಿಮ್ಮ ಕೈಗೆ ಮರಳಿದರೆ ಕೊಬ್ಬರಿ ಎಣ್ಣೆ ಬೇಡ. ಅದು ಚಳಿಗೆ ಗಟ್ಟಿಯಾಗುತ್ತದೆ, ಆಮೇಲೆ ಕಮಟು ಹಿಡಿದು ಅಂಟಾಗುತ್ತದೆ. ಹೊಲಿಗೆ ಮಶಿನ್ನಿನ ಎಣ್ಣೆ ನಾಲ್ಕು ಹನಿ, ಹಳೇ ಹತ್ತಿ ಪಂಚೆಯ ತುಂಡು, ಅಷ್ಟು ಸಾಕು. ಕಂದು ಬಣ್ಣ ಹಾಗೇ ಇರಲಿ, ಸಂಗ್ರಹಕಾರರು ಬೆಲೆ ಕಟ್ಟುವುದು ಅದಕ್ಕೇ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ. ನಮ್ಮ ಮಳೆಗೆ ಚರ್ಮ ಬೂಷ್ಟು ಹಿಡಿಯುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ.

ಆರ್ಮರರ್ ಪರೀಕ್ಷಿಸಿ ಖಾಲಿ ಎಂದ ಮೇಲೆ, ಅವರನ್ನೇ ಕೇಳಿಕೊಂಡು, ಸಿಲಿಂಡರಿಗೆ ಟಾರ್ಚನ್ನು ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ಹಾಯಿಯ ಒಂದು ಗೆರೆ ಕಂಡರೂ ಪತ್ರಿಕೆಗೆ ಕಳಿಸಿ. ಆ ಹಡಗನ್ನು ಪೂರ್ತಿ ನೋಡಬೇಕೆಂಬ ಆಸೆ ನನಗಿದೆ.