ಸೋತ ಹೃದಯಕ್ಕೆ ಹೊಸ ಯಂತ್ರ: ಮೊದಲು ಇಸಿಜಿ ನೋಡಿ

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ತಂದೆಗೆ 62 ವರ್ಷ. ಹಾರ್ಟ್ ಅಟ್ಯಾಕ್ ಆದಮೇಲೆ ಎಕೋದಲ್ಲಿ ಇಎಫ್ (ಹೃದಯ ಒಂದು ಬಡಿತಕ್ಕೆ ಹೊರತಳ್ಳುವ ರಕ್ತದ ಶೇಕಡಾ ಪ್ರಮಾಣ) 28 ಬಂದಿದೆ. ಈ ವರ್ಷ ಎರಡು ಸಲ ದಮ್ಮು ಹತ್ತಿ ರಾಯಚೂರಿನಲ್ಲಿ ಅಡ್ಮಿಟ್ ಮಾಡಿದೆವು. ಕುತ್ತಿಗೆಯಲ್ಲಿ ಕೂರಿಸುವ ಯಂತ್ರ, ಒಳಗಿಂದಲೇ ಒತ್ತಡ ತಿಳಿಸುವ ಸೆನ್ಸರ್ ಬಂದಿವೆಯಂತೆ. ಹೊಲ ಅಡವಿಟ್ಟಾದರೂ ಹಾಕಿಸಲೇ?

ಉತ್ತರ: ಹೊಲದ ಪತ್ರ ಪೆಟ್ಟಿಗೆಯಲ್ಲೇ ಇರಲಿ, ತಂದೆಯವರ ಹಳೆಯ ಇಸಿಜಿ ಹೊರಗೆ ತೆಗೆಯಿರಿ. ಅದರ ಮೇಲ್ಗಡೆ ಕ್ಯೂಆರ್‌ಎಸ್ ಎಂಬ ಅಂಕಿ (ಹೃದಯದ ಕೆಳಕೋಣೆಗಳಿಗೆ ವಿದ್ಯುತ್ ಸಂಕೇತ ಹರಡಲು ಹಿಡಿದ ಸಮಯ, ಮಿಲಿಸೆಕೆಂಡಿನಲ್ಲಿ) ಅಚ್ಚಾಗಿರುತ್ತದೆ. ಅದು 150 ದಾಟಿ, ಎಲ್‌ಬಿಬಿಬಿ (ಹೃದಯದ ಎಡಗಡೆಗೆ ಆ ಸಂಕೇತ ತಡವಾಗಿ ತಲುಪುವ ತೊಂದರೆ) ಅಂತಲೂ ಬರೆದಿದ್ದರೆ, ಹೃದಯದ ಗೋಡೆಗಳು ಹೆಜ್ಜೆ ತಪ್ಪಿದ ಜೋಡೆತ್ತಿನಂತೆ ಬೇರೆ ಬೇರೆ ಹೊತ್ತಿಗೆ ಕುಗ್ಗುತ್ತಿವೆ. ಸಿಆರ್‌ಟಿ ಎಂಬ ಪೇಸ್‌ಮೇಕರ್ ಅವನ್ನು ಜೊತೆಗೂಡಿಸುತ್ತದೆ. ಎರಡು ದಶಕದಿಂದ ಬಳಕೆಯಲ್ಲಿದೆ, ಆಯುಸ್ಸನ್ನೂ ಹೆಚ್ಚಿಸುತ್ತದೆ. ಹಳೆಯದೆಂದು ಮೂಗು ಮುರಿಯಬೇಡಿ.

ಅಂಕಿ 120ರಿಂದ 150ರ ನಡುವೆ ಇದ್ದರೆ ಕೆಲವರಿಗೆ ಮಾತ್ರ ನೆರವು, 120ಕ್ಕಿಂತ ಕಡಿಮೆಯಿದ್ದರೆ ಸಿಆರ್‌ಟಿಯಿಂದ ಪ್ರಯೋಜನವಿಲ್ಲ. ನೀವು ಕೇಳಿದ ಕುತ್ತಿಗೆಯ ಯಂತ್ರ, ಬ್ಯಾರೊಸ್ಟಿಮ್, ಮುಖ್ಯವಾಗಿ ಸಿಆರ್‌ಟಿ ಹೊಂದದವರಿಗೆ. ಅಮೆರಿಕದ ಎಫ್‌ಡಿಎ (ಔಷಧ ನಿಯಂತ್ರಣ ಸಂಸ್ಥೆ) 2019ರಲ್ಲಿ ಒಪ್ಪಿದೆ. ನಡಿಗೆ, ಉಸಿರಾಟ ಹಗುರಾಗುತ್ತದೆ. ಆಯುಸ್ಸು ಹೆಚ್ಚುತ್ತದೆ ಎಂಬುದು ಸಾಬೀತಾಗಿಲ್ಲ.

2014ರಲ್ಲಿ ಒಪ್ಪಿಗೆ ಪಡೆದ ಕಾರ್ಡಿಯೋಮೆಮ್ಸ್ ಸೆನ್ಸರ್ ತಾನಾಗಿ ಏನನ್ನೂ ಗುಣಪಡಿಸುವುದಿಲ್ಲ. ಶ್ವಾಸಕೋಶದ ರಕ್ತನಾಳದ ಒತ್ತಡ ಏರಿದ್ದನ್ನು ಮುಂಚೆಯೇ ಹೇಳುತ್ತದೆ, ಅಷ್ಟೆ. ಅದನ್ನು ನೋಡಿ ಮಾತ್ರೆ ಬದಲಿಸುವ ಡಾಕ್ಟರು ಆ ಕಡೆ ಇಲ್ಲದಿದ್ದರೆ ಹಾಕಿಸಿದ್ದು ದಂಡ. ಸದ್ಯಕ್ಕೆ ಒಂದು ತೂಕದ ಯಂತ್ರ ತನ್ನಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ಚಹಾಕ್ಕಿಂತ ಮುಂಚೆ ತಂದೆಯವರನ್ನು ಅದರ ಮೇಲೆ ನಿಲ್ಲಿಸಿ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ. ದಮ್ಮು ಹತ್ತುವ ತನಕ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಇನ್ನೊಂದು, ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಿದ್ದಾರೆಯೇ ವಿಚಾರಿಸಿ. ಮಕ್ಕಳಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಆ ಮಾತ್ರೆ ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ. ಸಂಜೆಯ ಒಗ್ಗರಣೆ-ಮಿರ್ಚಿಯ ಉಪ್ಪೂ ಅದಕ್ಕೆ ಸೇರುತ್ತದೆ.

ಎಡಹೃದಯಕ್ಕೆ ಜೋಡಿಸುವ ಪಂಪ್, ಎಲ್‌ವ್ಯಾಡ್, ಕೊನೆಯ ಹಂತದವರಿಗೆ. ಹೊಟ್ಟೆಯಿಂದ ಹೊರಬಂದ ವೈರಿಗೆ ಸದಾ ಬ್ಯಾಟರಿ ಅಥವಾ ಕರೆಂಟು ಬೇಕು. ಹಳ್ಳಿಯಲ್ಲಿ ಅದೇ ಮೊದಲ ಪ್ರಶ್ನೆ.

ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಇಸಿಜಿ, ಎಕೋ, ಮಾತ್ರೆ ಚೀಟಿಗಳ ಜೊತೆ ಹೋಗಿ. ಡಾಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಕೊಡಬಹುದೇ ಎಂದು ಕೇಳಿ. ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಅದು ಹೃದಯಕ್ಕೆ ಒಳ್ಳೆಯದು. ಮಾತ್ರೆಗಳೆಲ್ಲ ಪೂರ್ಣ ಪ್ರಮಾಣಕ್ಕೆ ಬಂದು ಮೂರು ತಿಂಗಳಾದರೂ ಇಎಫ್ 35 ದಾಟದಿದ್ದರೆ, ಯಂತ್ರದ ಮಾತು ಆಗ ಎತ್ತಿ.