ರಿಫಂಡ್ ಜಾಸ್ತಿ ಬರಬೇಕು ಅಂದ್ರೆ ಏನೇನು ತೋರಿಸಬೇಕು?

ಪ್ರಶ್ನೆ: ಮೇಡಂ, ನಾನು ನರಸಾಪುರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಕೋಲಾರದಲ್ಲಿ ಬಾಡಿಗೆ ಮನೆ, ತಿಂಗಳಿಗೆ 12,000. 2025–26ರಲ್ಲಿ ಒಟ್ಟು ಸಂಬಳ 15 ಲಕ್ಷ. ಅದರಲ್ಲಿ ಬೇಸಿಕ್ 6 ಲಕ್ಷ, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) 2.4 ಲಕ್ಷ. ಕಂಪನಿಯವರು ಹೊಸ ಪದ್ಧತಿಯಲ್ಲಿ 97,500 ಟಿಡಿಎಸ್ (ಸಂಬಳ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದಾರೆ. ಪಿಎಫ್, ಎಲ್‌ಐಸಿ, ಮಗಳ ಸ್ಕೂಲ್ ಫೀ ಸೇರಿ 80ಸಿ ವಿನಾಯಿತಿಯ ಮಿತಿ ಪೂರ್ತಿ ಆಗಿದೆ. ಎನ್‌ಪಿಎಸ್ (ಪಿಂಚಣಿ ಯೋಜನೆ) 50,000, ನಮ್ಮ ಆರೋಗ್ಯ ವಿಮೆ 22,000 ಕಟ್ಟಿದ್ದೇನೆ. ಅಪ್ಪನಿಗೆ 68 ವರ್ಷ, ವಾರಕ್ಕೆ ಎರಡು ಸಲ ಡಯಾಲಿಸಿಸ್. ಅಮ್ಮನ ಮಂಡಿ ಚಿಕಿತ್ಸೆಗೂ ಜಾಸ್ತಿ ಖರ್ಚಾಗಿದೆ. ಇಬ್ಬರಿಗೂ ವಿಮೆ ಇಲ್ಲ, ನಾನೇ ನೋಡಿಕೊಳ್ಳುವುದು. ನನ್ನ ಶಿಫ್ಟಿನ ಮೂವರು ಹೋದ ವರ್ಷ ಒಬ್ಬರ ಹತ್ತಿರ ಫೈಲ್ ಮಾಡಿಸಿ 60,000ದವರೆಗೆ ರಿಫಂಡ್ ತಗೊಂಡರು. ಬಂದ ದುಡ್ಡಿನಲ್ಲಿ ನೂರಕ್ಕೆ ಹತ್ತು ಅವರಿಗೆ ಕೊಡಬೇಕು. ನಾನೂ ಮಾಡಿಸಲಾ?
— ಹೆಸರು ಬೇಡ, ಕೋಲಾರ

ಉತ್ತರ: ದಯವಿಟ್ಟು ಮಾಡಿಸಬೇಡಿ. ಯಾಕೆ ಅಂತ ನಿಮ್ಮದೇ ಅಂಕಿ ಇಟ್ಟುಕೊಂಡು ಹೇಳುತ್ತೇನೆ.

ರಿಫಂಡ್ ಅಂದರೆ ಸರ್ಕಾರ ಕೊಡುವ ಬಹುಮಾನ ಅಲ್ಲ. ನಿಮ್ಮಿಂದ ಹಿಡಿದ ತೆರಿಗೆ ಕಟ್ಟಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ, ಆ ಜಾಸ್ತಿ ಮಾತ್ರ ವಾಪಸ್ ಬರುತ್ತದೆ. ಹಾಗಾಗಿ ಮೊದಲು ಕೇಳಬೇಕಾದ್ದು "ನಾನು ಕಟ್ಟಬೇಕಾದ್ದು ಎಷ್ಟು" ಅಂತ.

ಹೊಸ ಪದ್ಧತಿಯಲ್ಲಿ 15 ಲಕ್ಷದಿಂದ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 14,25,000. ಅದಕ್ಕೆ ತೆರಿಗೆ 93,750, ಶೇಕಡಾ 4 ಸೆಸ್ ಸೇರಿ 97,500. ಕಂಪನಿಯವರು ಸರಿಯಾಗಿಯೇ ಹಿಡಿದಿದ್ದಾರೆ. ಅಂದರೆ ಈ ಪದ್ಧತಿಯಲ್ಲಿ ನಿಮಗೆ ರಿಫಂಡ್ ಸೊನ್ನೆ.

ಈಗ ಹಳೇ ಪದ್ಧತಿ ನೋಡೋಣ. ಇಲ್ಲಿ ನಿಮ್ಮ ಖರ್ಚುಗಳಿಗೆ ಬೆಲೆ ಇದೆ, ಆದರೆ ಪ್ರತಿಯೊಂದಕ್ಕೂ ಒಂದು ಮಿತಿ ಇದೆ. ಮೊದಲು ಎಚ್‌ಆರ್‌ಎ. ವರ್ಷಕ್ಕೆ 2.4 ಲಕ್ಷ ಬಂದಿದೆ ಅಂತ ಅಷ್ಟಕ್ಕೂ ವಿನಾಯಿತಿ ಸಿಗುವುದಿಲ್ಲ. ಬಂದ ಎಚ್‌ಆರ್‌ಎ, ಬೇಸಿಕ್‌ನ ಶೇಕಡಾ 40, ಕಟ್ಟಿದ ಬಾಡಿಗೆಯಲ್ಲಿ ಬೇಸಿಕ್‌ನ ಶೇಕಡಾ 10 ಕಳೆದು ಉಳಿದದ್ದು: ಈ ಮೂರರಲ್ಲಿ ಯಾವುದು ಕಡಿಮೆಯೋ ಅದು ಮಾತ್ರ. ನೀವು ಕಟ್ಟಿದ ಬಾಡಿಗೆ 1,44,000. ಅದರಲ್ಲಿ 60,000 ಕಳೆದರೆ 84,000. ಅಷ್ಟೇ ನಿಮ್ಮ ವಿನಾಯಿತಿ.

ಅಪ್ಪನ ಡಯಾಲಿಸಿಸ್‌ಗೆ 80ಡಿಡಿಬಿ ಅನ್ನುವ ವಿನಾಯಿತಿ ಇದೆ. ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ, ಗೊತ್ತಿದ್ದರೂ ಕೇಳುವುದಿಲ್ಲ. ಪೂರ್ತಿ ಕೈಕೊಟ್ಟ ಕಿಡ್ನಿ ಅದರ ಕಾಯಿಲೆಗಳ ಪಟ್ಟಿಯಲ್ಲಿದೆ. ರೋಗಿಗೆ 60 ದಾಟಿದ್ದರೆ, ಅವರು ನಿಮ್ಮನ್ನೇ ನಂಬಿಕೊಂಡಿದ್ದರೆ, ನಿಜವಾಗಿ ಖರ್ಚು ಮಾಡಿದ್ದರಲ್ಲಿ 1 ಲಕ್ಷದವರೆಗೆ ಕಳೆಯಬಹುದು. ಕಿಡ್ನಿ ತಜ್ಞರ ಚೀಟಿ ಬೇಕು, ಬಡಾವಣೆಯ ಕ್ಲಿನಿಕ್ ಡಾಕ್ಟರ ಚೀಟಿ ನಡೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಆದದ್ದನ್ನು ಲೆಕ್ಕಕ್ಕೆ ತರಬೇಡಿ. ಅಮ್ಮನ ಖರ್ಚು 80ಡಿ ಅನ್ನುವ ಇನ್ನೊಂದು ವಿನಾಯಿತಿಯಲ್ಲಿ ಬರುತ್ತದೆ. ವಿಮೆ ಇಲ್ಲದ ಹಿರಿಯ ತಂದೆತಾಯಿಯ ಚಿಕಿತ್ಸೆಗೆ 50,000ದವರೆಗೆ ಸಿಗುತ್ತದೆ, ಆದರೆ ನಗದು ಕೊಟ್ಟಿದ್ದರೆ ಇಲ್ಲ. ಕಾರ್ಡ್, ಯುಪಿಐ, ಚೆಕ್ ಆಗಿರಬೇಕು. ಅಮ್ಮನಿಗೂ 60 ಆಗಿದೆ ಅಂದುಕೊಂಡು ಬರೆಯುತ್ತಿದ್ದೇನೆ. ಒಂದೇ ಬಿಲ್ಲನ್ನು ಎರಡೂ ಕಡೆ ತೋರಿಸಬೇಡಿ.

ಉಳಿದದ್ದು ಸುಲಭ. 80ಸಿ 1,50,000. ಸ್ಕೂಲ್ ಫೀಯಲ್ಲಿ ಟ್ಯೂಷನ್ ಫೀ ಮಾತ್ರ ಸೇರುತ್ತದೆ. ವ್ಯಾನ್, ಡೊನೇಷನ್ ಸೇರುವುದಿಲ್ಲ. ಎನ್‌ಪಿಎಸ್ 50,000. ನಿಮ್ಮ ವಿಮೆ 22,000. ಹಳೇ ಪದ್ಧತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 50,000. ವೃತ್ತಿ ತೆರಿಗೆ 2,500.

ಎಲ್ಲ ಕೂಡಿದರೆ 5,08,500. ದೊಡ್ಡ ಮೊತ್ತವೇ, ಅಲ್ವಾ? ಉಳಿದ 9,91,500ಕ್ಕೆ ಹಳೇ ದರದಲ್ಲಿ ತೆರಿಗೆ, ಸೆಸ್ ಸೇರಿ, 1,15,232. ಹೊಸದಕ್ಕಿಂತ 17,732 ಜಾಸ್ತಿ! ಇಷ್ಟೆಲ್ಲ ಖರ್ಚು ಮಾಡಿ, ಪ್ರತಿ ರಸೀದಿ ಜೋಪಾನ ಮಾಡಿಟ್ಟರೂ ನಿಮಗೆ ಹೊಸ ಪದ್ಧತಿಯೇ ಲಾಭ. ಮನಸ್ಸಿಗೆ ಬೇಜಾರಾಗುತ್ತದೆ, ಗೊತ್ತು. ಅಪ್ಪನನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗುವವರಿಗೆ ಹೊಸ ಪದ್ಧತಿಯಲ್ಲಿ ಆ ಖರ್ಚಿಗೆ ಒಂದು ರೂಪಾಯಿಯೂ ಬಿಡದಿರುವುದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ಕಾನೂನು ಈಗ ಇರುವುದು ಹೀಗೆ.

15 ಲಕ್ಷ ಸಂಬಳಕ್ಕೆ ಹಳೇದು ಗೆಲ್ಲಬೇಕಾದರೆ ಒಟ್ಟು ಕಡಿತ 5,93,750 ದಾಟಬೇಕು. ನಿಮ್ಮ ಸಂಬಳವೇ ಇರುವ, ಇಷ್ಟೇ ಖರ್ಚಿನ ಜೊತೆ ಊರಿನಲ್ಲಿ ಸ್ವಂತ ಮನೆಗೆ ಸಾಲ ತೆಗೆದು 2 ಲಕ್ಷ ಬಡ್ಡಿ ಕಟ್ಟುತ್ತಿರುವವರು ದಾಟುತ್ತಾರೆ. ಅವರಿಗೆ ತೆರಿಗೆ 73,632ಕ್ಕೆ ಇಳಿಯುತ್ತದೆ, 23,868 ರಿಫಂಡ್ ನ್ಯಾಯವಾಗಿ ಬರುತ್ತದೆ. ಅಂಥವರು ಜುಲೈ 31ರ ಒಳಗೇ ರಿಟರ್ನ್ ಹಾಕಬೇಕು. ತಡವಾದರೆ ಹಳೇ ಪದ್ಧತಿ ಆರಿಸಿಕೊಳ್ಳಲು ಬರುವುದಿಲ್ಲ. ಸಂಬಳ 12.75 ಲಕ್ಷದ ಒಳಗಿದ್ದು ಬೇರೆ ಆದಾಯ ಇಲ್ಲದವರಿಗೆ ಹೊಸದರಲ್ಲಿ ತೆರಿಗೆಯೇ ಇಲ್ಲ, ಅವರಿಗೆ ಈ ತಲೆನೋವೂ ಇಲ್ಲ.

ಹಾಗಾದರೆ ಆ ವ್ಯಕ್ತಿ 60,000 ಹೇಗೆ ತರುತ್ತಾರೆ? ನಿಮಗೆ ಅಷ್ಟು ಬರಬೇಕಾದರೆ ಕಡಿತ 8.82 ಲಕ್ಷ ತೋರಿಸಬೇಕು. ನಿಮ್ಮಲ್ಲಿ ನಿಜವಾಗಿ ಇರುವುದು 5.08 ಲಕ್ಷ. ಮಿಕ್ಕ 3.74 ಲಕ್ಷ ಸುಳ್ಳು. 12,000 ಬಾಡಿಗೆ 25,000 ಆಗುತ್ತದೆ. ತೆಗೆಯದ ಶಿಕ್ಷಣ ಸಾಲಕ್ಕೆ ಬಡ್ಡಿ ಹುಟ್ಟಿಕೊಳ್ಳುತ್ತದೆ. ಹೆಸರೇ ಕೇಳದ ರಾಜಕೀಯ ಪಕ್ಷಕ್ಕೆ ನೀವು ದೇಣಿಗೆ ಕೊಟ್ಟಿರುತ್ತೀರಿ.

ಹಿಂದೆ ಇದು ನಡೆಯುತ್ತಿತ್ತು, ಯಾಕೆಂದರೆ ಫಾರ್ಮಿನಲ್ಲಿ ಮೊತ್ತ ಬರೆದರೆ ಸಾಕಾಗಿತ್ತು. ಈಗಿನ ಫಾರ್ಮ್ ಪಾಲಿಸಿ ನಂಬರ್ ಕೇಳುತ್ತದೆ, ಸಾಲ ಕೊಟ್ಟ ಬ್ಯಾಂಕಿನ ಹೆಸರು ಕೇಳುತ್ತದೆ, 80ಡಿಡಿಬಿಗೆ ಕಾಯಿಲೆಯ ಹೆಸರು ಕೇಳುತ್ತದೆ. ಬಾಡಿಗೆ ವರ್ಷಕ್ಕೆ 1 ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಕೊಡಬೇಕು. ನೀವು ಹೆಚ್ಚಿಸಿ ಬರೆದ ಬಾಡಿಗೆ ಅವರ ಆದಾಯವಾಗಿ ಕಾಣಿಸುತ್ತದೆ. ನಿಮ್ಮ ಮನೆ ಮಾಲೀಕರು ಟೊಮೆಟೊ ಮಂಡಿಗೆ ಮಾಲು ಹಾಕಿಕೊಂಡು ನೆಮ್ಮದಿಯಾಗಿರುವ ರೈತರಾಗಿದ್ದರೂ ನೋಟಿಸ್ ಅವರ ಮನೆ ಬಾಗಿಲಿಗೂ ಬರುತ್ತದೆ. 2025ರ ಜುಲೈನಲ್ಲಿ ಇಲಾಖೆಯವರು ಇಂಥ ಸುಳ್ಳು ರಿಫಂಡ್ ಮಾಡಿಸುವವರ ಜಾಗಗಳನ್ನೇ ದೇಶದಾದ್ಯಂತ ಶೋಧಿಸಿದರು. ಅಲ್ಲಿ ಸಿಗುವುದು ಗಿರಾಕಿಗಳ ಪಟ್ಟಿ.

ಸಿಕ್ಕಿಬಿದ್ದರೆ ತೆರಿಗೆ, ಬಡ್ಡಿ, ಮೇಲೆ ಉಳಿಸಿದ ತೆರಿಗೆಯ ಎರಡರಷ್ಟು ದಂಡ. ರಿಟರ್ನಿನಲ್ಲಿ ಸಹಿ ನಿಮ್ಮದು. ನೂರಕ್ಕೆ ಹತ್ತು ತಗೊಂಡವರ ಹೆಸರು ಅದರಲ್ಲಿ ಎಲ್ಲೂ ಇರುವುದಿಲ್ಲ.

ನಿಮ್ಮ ಶಿಫ್ಟಿನ ಆ ಮೂವರಿಗೆ ಒಂದು ಮಾತು ಹೇಳಿ. ನೋಟಿಸ್ ಬರುವ ಮುಂಚೆ ತಾವಾಗಿಯೇ ಅಪ್‌ಡೇಟೆಡ್ ರಿಟರ್ನ್ ಹಾಕಿ ದುಡ್ಡು ವಾಪಸ್ ಕಟ್ಟಬಹುದು. 2024–25ರ ಆದಾಯದ ರಿಟರ್ನಿಗೆ 2027ರ ಮಾರ್ಚ್ 31ರ ಒಳಗೆ ಹಾಕಿದರೆ, ತೆರಿಗೆ ಮತ್ತು ಬಡ್ಡಿಯ ಮೇಲೆ ಶೇಕಡಾ 25 ಹೆಚ್ಚು ಕಟ್ಟಿ ಮುಗಿಸಬಹುದು. ಆಮೇಲೆ ಅದು ಏರುತ್ತಾ ಹೋಗುತ್ತದೆ.

ನಿಮಗೆ ನ್ಯಾಯವಾಗಿ ಉಳಿತಾಯ ಆಗುವ ದಾರಿ ಬೇರೆ ಇದೆ. ಎಚ್‌ಆರ್ ಹತ್ತಿರ ಹೋಗಿ, ಕಂಪನಿಯ ಪಾಲಿನ ಎನ್‌ಪಿಎಸ್ ಶುರು ಮಾಡಿ ಅಂತ ಕೇಳಿ. ನೀವೇ ಕಟ್ಟುವ 50,000ಕ್ಕೆ ಹೊಸ ಪದ್ಧತಿಯಲ್ಲಿ ಬೆಲೆ ಇಲ್ಲ. ಆದರೆ ಕಂಪನಿ ನಿಮ್ಮ ಸಂಬಳದೊಳಗಿಂದಲೇ ಬೇಸಿಕ್‌ನ ಶೇಕಡಾ 14ರವರೆಗೆ ಕಟ್ಟಿದರೆ, ಅಷ್ಟೂ ಕಳೆಯುತ್ತದೆ. ನಿಮ್ಮ ಲೆಕ್ಕದಲ್ಲಿ 84,000. ವರ್ಷಕ್ಕೆ 13,104 ತೆರಿಗೆ ಉಳಿಯುತ್ತದೆ. ದುಡ್ಡು ಬೇಕೆಂದಾಗ ಸುಲಭವಾಗಿ ಕೈಗೆ ಸಿಗುವುದಿಲ್ಲ. ಅಪ್ಪನ ಖರ್ಚು ನೋಡಿಕೊಂಡು ಎಷ್ಟು ಅಂತ ತೀರ್ಮಾನ ಮಾಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, 66 ವರ್ಷ. ಪಿಂಚಣಿ ವರ್ಷಕ್ಕೆ 3.6 ಲಕ್ಷ, ಎಫ್‌ಡಿ ಬಡ್ಡಿ 1.8 ಲಕ್ಷ. ಬ್ಯಾಂಕಿನವರು 18,000 ಹಿಡಿದಿದ್ದಾರೆ. ತೆರಿಗೆ ಬರುವಷ್ಟು ಆದಾಯ ಇಲ್ಲವಲ್ಲ, ರಿಟರ್ನ್ ಹಾಕಬೇಕೇ?
— ಓದುಗರು, ಮುಳಬಾಗಿಲು

ಉತ್ತರ: ಖಂಡಿತ ಹಾಕಿ ಅಮ್ಮ. ಪಿಂಚಣಿಯಲ್ಲಿ 75,000 ಕಳೆದು ಬಡ್ಡಿ ಕೂಡಿದರೆ 4,65,000. ಹೊಸ ಪದ್ಧತಿಯಲ್ಲಿ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ. 18,000 ಪೂರ್ತಿ ನಿಮ್ಮದೇ, ಆದರೆ ರಿಟರ್ನ್ ಹಾಕದೆ ಬರುವುದಿಲ್ಲ. ಏಪ್ರಿಲ್‌ನಲ್ಲೇ ಬ್ಯಾಂಕಿಗೆ 15ಎಚ್ (ತೆರಿಗೆ ಹಿಡಿಯಬೇಡಿ ಅಂತ ಹಿರಿಯರು ಕೊಡುವ ಫಾರ್ಮ್) ಕೊಟ್ಟಿದ್ದರೆ ಹಿಡಿಯುತ್ತಲೇ ಇರಲಿಲ್ಲ. ಜುಲೈ 31 ದಾಟಿದರೆ 1,000 ಶುಲ್ಕ. ರಿಫಂಡ್ ಬರುವ ಬ್ಯಾಂಕ್ ಖಾತೆಯನ್ನು ಪೋರ್ಟಲ್‌ನಲ್ಲಿ ಮೊದಲೇ ವ್ಯಾಲಿಡೇಟ್ ಮಾಡಿಸಿ. ಖಾತೆಯಲ್ಲಿರುವ ಹೆಸರು ಪ್ಯಾನ್‌ನಲ್ಲಿರುವಂತೆಯೇ ಇರಲಿ. ರಿಟರ್ನ್ ಹಾಕಿದ 30 ದಿನದೊಳಗೆ ಆಧಾರ್ ಒಟಿಪಿ ಕೊಟ್ಟು ಇ-ವೆರಿಫೈ ಮಾಡಿಸಿ. ಮೊಮ್ಮಕ್ಕಳು ಫೋನಿನಲ್ಲೇ ಮಾಡಿಕೊಡುತ್ತಾರೆ.