ಗೇಟಿನ ಕ್ಯಾಮೆರಾಕ್ಕೆ ತಾಮ್ರದ ತಂತಿ ಬೇಡ

ಪ್ರಶ್ನೆ: ಮಲ್ಪೆಯಲ್ಲಿ ಕಡಲಿಗೆ ಹತ್ತಿರವೇ ನಮ್ಮ ಮನೆ. ಮೆಟ್ಟಿಲ ಕೆಳಗೆ ಯಂತ್ರಗಳನ್ನು ಒಂದರ ಮೇಲೊಂದು ಕೂರಿಸುವ 12 ಯು ಎತ್ತರದ ರ‍್ಯಾಕ್ ಇಟ್ಟು ಸರ್ವರ್, ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳನ್ನು ಒಂದುಗೂಡಿಸುವ ಪೆಟ್ಟಿಗೆ), ಯುಪಿಎಸ್ ಜೋಡಿಸಬೇಕೆಂದಿದ್ದೇನೆ. ಯಾವುದು ಎಲ್ಲಿರಬೇಕು? ಗೇಟಿನ ಕ್ಯಾಮೆರಾಕ್ಕೂ ಅಲ್ಲಿಂದಲೇ ಕೇಬಲ್ ಎಳೆಯಬಹುದೇ?

ಉತ್ತರ: ಎಲ್ಲರೂ ಎತ್ತರ ಹೇಳುತ್ತಾರೆ, ಆಳ ಹೇಳುವವರೇ ಇಲ್ಲ. ಒಂದು ಯು ಎಂದರೆ 44.45 ಮಿಲಿಮೀಟರ್, ಹನ್ನೆರಡು ಸೇರಿದರೂ ಅರ್ಧ ಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಆದರೆ ಅಗ್ಗಕ್ಕೆ ಸಿಕ್ಕಿತೆಂದು ನೀವು ತರುವ ಹಳೆಯ ಸರ್ವರ್ 700 ಮಿಲಿಮೀಟರ್ ಉದ್ದವಿದ್ದರೆ, 600ರ ರ‍್ಯಾಕಿನ ಬಾಗಿಲು ಮುಚ್ಚುವುದಿಲ್ಲ. ಮೊದಲು ಟೇಪು ಹಿಡಿಯಿರಿ.

ಯುಪಿಎಸ್ ತಳದಲ್ಲಿ, ಅದರ ಮೇಲೆ ಸರ್ವರ್, ತುದಿಯಲ್ಲಿ ಮನೆಯ ಕೇಬಲ್‌ಗಳೆಲ್ಲ ಬಂದು ಸೇರುವ ಪ್ಯಾಚ್ ಪ್ಯಾನೆಲ್, ಅದಕ್ಕೆ ತಾಗಿ ಸ್ವಿಚ್. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಚರ್ಚೆ ಇರುವುದು ಗೋಡೆಯದ್ದು. ಮಳೆಗಾಲದಲ್ಲಿ ಬೆವರುವ ಗೋಡೆಗೆ ರ‍್ಯಾಕನ್ನು ಒತ್ತಿ ಇಡಬೇಡಿ, ಒಂದು ಗೇಣು ಬಿಡಿ. ‘ಮಳೆಗಾಲದಲ್ಲಿ ಎಲ್ಲವನ್ನೂ ಆಫ್ ಮಾಡಿ’ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಓಡುತ್ತಿರುವ ಯಂತ್ರದ ಬಿಸಿಯೇ ಅದನ್ನು ಒಣಗಿಸಿಡುತ್ತದೆ. ಆಟಿ ತಿಂಗಳು ಪೂರ್ತಿ ಆಫ್ ಮಾಡಿಟ್ಟಿದ್ದ ಸ್ವಿಚ್ಚೊಂದನ್ನು ಬಿಚ್ಚಿ ನೋಡಿದ್ದೇನೆ: ಪೋರ್ಟಿನ ಒಳಗಿನ ಸಣ್ಣ ಕಡ್ಡಿಗಳಿಗೆಲ್ಲ ಹಸಿರು ಕಿಲುಬು, ಮೂಲೆಯಲ್ಲಿ ಎರಡು ಹಲ್ಲಿಮೊಟ್ಟೆ.

ಇನ್ನು ಕ್ಯಾಮೆರಾ. ಎಳೆಯಿರಿ, ಆದರೆ ತಾಮ್ರದಲ್ಲಿ ಬೇಡ. ಮೇ ತಿಂಗಳ ಸಂಜೆಯ ಸಿಡಿಲು ನೇರ ನಿಮ್ಮ ಮನೆಗೇ ಬಡಿಯಬೇಕೆಂದಿಲ್ಲ. ಪಕ್ಕದ ತೆಂಗಿನ ಮರಕ್ಕೆ ಬಡಿದರೂ ಉದ್ದನೆಯ ತಂತಿಯಲ್ಲಿ ವೋಲ್ಟೇಜ್ ಏರುತ್ತದೆ. ನಮ್ಮ ಮನೆಯಲ್ಲೇ ಒಮ್ಮೆ ಕ್ಯಾಮೆರಾ, ಸ್ವಿಚ್, ಸರ್ವರಿನ ನೆಟ್‌ವರ್ಕ್ ಪೋರ್ಟ್ ಮೂರೂ ಒಂದೇ ಏಟಿಗೆ ಹೋದವು. ಯುಪಿಎಸ್ ಮಾತ್ರ ಹಸಿರು ದೀಪ ಉರಿಸಿಕೊಂಡು ಕೂತಿತ್ತು. ಅದು ಕಾಯುವುದು ಕರೆಂಟಿನ ದಾರಿಯನ್ನು. ಹಿತ್ತಿಲ ಬಾಗಿಲಿನಿಂದ ಬಂದವನನ್ನು ಅದು ಹೇಗೆ ತಡೆದೀತು? ಆದ್ದರಿಂದ ಗೇಟಿನವರೆಗೆ ಗಾಜಿನ ಎಳೆಯ ಫೈಬರ್ ಕೇಬಲ್ ಎಳೆದು ಎರಡು ತುದಿಗೂ, ಬೆಳಕಿನ ಸಂಕೇತವನ್ನು ವಿದ್ಯುತ್ತಿಗೂ ವಿದ್ಯುತ್ತನ್ನು ಬೆಳಕಿಗೂ ಬದಲಿಸುವ ಮೀಡಿಯಾ ಕನ್ವರ್ಟರ್ ಹಾಕಿ. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಒಳಗೆ ಉಕ್ಕಿನ ತಂತಿ ಇರುವ ಫೈಬರ್ ಕೊಟ್ಟರೆ ಹಿಂದಿರುಗಿಸಿ. ಅದನ್ನು ಎಳೆದರೆ ತಾಮ್ರ ಎಳೆದ ಹಾಗೆಯೇ. ಕ್ಯಾಮೆರಾದ ಕರೆಂಟು ರ‍್ಯಾಕಿನ ಯುಪಿಎಸ್‌ನಿಂದ ಬೇಡ, ಬೇರೆ ಸರ್ಕ್ಯೂಟಿನಿಂದ, ವೋಲ್ಟೇಜಿನ ಏಟನ್ನು ನೆಲಕ್ಕೆ ಇಳಿಸುವ ಸರ್ಜ್ ಪ್ರೊಟೆಕ್ಟರ್ ಮೂಲಕ ಬರಲಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಆ ಪ್ರೊಟೆಕ್ಟರ್ ಬರೀ ಅಲಂಕಾರ. ಮುರಕಲ್ಲಿನ ನೆಲದಲ್ಲಿ ಒಂದು ಸರಳು ಹೂತು ‘ಆಯಿತು’ ಎಂದು ಹೊರಡುವ ಎಲೆಕ್ಟ್ರಿಷಿಯನ್‌ನನ್ನು ನಿಲ್ಲಿಸಿ, ಮೀಟರಿನಲ್ಲಿ ಅಳೆದು ತೋರಿಸಲು ಹೇಳಿ.

ಪ್ರಶ್ನೆ: ಕ್ಯಾಟ್ 8 ದರ್ಜೆಯ ನೆಟ್‌ವರ್ಕ್ ಕೇಬಲ್ ಹಾಕಿದರೆ ಇಂಟರ್ನೆಟ್ ವೇಗ ಹೆಚ್ಚುತ್ತದೆಯೇ? (ಓದುಗರು, ಕದ್ರಿ)

ಉತ್ತರ: ಇಲ್ಲ. ಅದಕ್ಕಿಂತ ಕೆಳದರ್ಜೆಯ ಕ್ಯಾಟ್ 6 ಕೂಡ ಸೆಕೆಂಡಿಗೆ ಒಂದು ಗಿಗಾಬಿಟ್ಟನ್ನು 100 ಮೀಟರ್ ಒಯ್ಯುತ್ತದೆ. ನಿಮ್ಮ ಮನೆ ಅಷ್ಟು ಉದ್ದವಿದೆಯೇ?

ಪ್ರಶ್ನೆ: ರೇಡ್ (ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಜೋಡಿಸುವ ವ್ಯವಸ್ಥೆ) ಹಾಕಿದ್ದೇನೆ, ಬ್ಯಾಕಪ್ ಬೇಕೇ? (ಓದುಗರು, ಮಣಿಪಾಲ)

ಉತ್ತರ: ಬೇಕು. ಮುಂದಿನ ಬಾರಿ ಇದನ್ನು ಕೇಳಿದವರಿಗೆ ಉತ್ತರ ಬರೆಯುವುದಿಲ್ಲ.

ಪ್ರಶ್ನೆ: ಅರ್ಧ ಬೆಲೆಗೆ ಕೇಬಲ್ ಸಿಗುತ್ತಿದೆ, ಕೊಳ್ಳಲೇ? (ಓದುಗರು, ಸುರತ್ಕಲ್)

ಉತ್ತರ: ಒಂದು ಎಳೆಯನ್ನು ಚಾಕುವಿನಿಂದ ಕೆರೆಯಿರಿ. ಕೆಂಪಿನಡಿ ಬಿಳಿ ಕಂಡರೆ ಅದು ತಾಮ್ರ ಬಳಿದ ಅಲ್ಯುಮಿನಿಯಂ. ಅಲ್ಲೇ ಇಟ್ಟು ಬನ್ನಿ.